‘ಮೂರು ದಿನ ನೋಡಿ’ ಎನ್ನುವ ಮೊದಲು ಮಗುವಿನ ಉಸಿರು ಎಣಿಸಿ

ಸಂಪಾದಕರೇ,

ಮಕ್ಕಳ ಜ್ವರದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಲಹೆ ಎಷ್ಟೋ ಸಲ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ: ‘ಮೂರು ದಿನವಾದರೂ ಜ್ವರ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.’ ಹಾಲು ನೀರು ಕುಡಿದುಕೊಂಡು, ನಡುನಡುವೆ ಆಡಿಕೊಂಡಿರುವ ನಾಲ್ಕು ವರ್ಷದ ಮಗುವಿಗೆ ಈ ಮಾತು ಹೊಂದೀತು. ಎರಡು ತಿಂಗಳ ಕೂಸಿಗೆ ಇದೇ ಮಾತು ಪ್ರಾಣಕ್ಕೆ ಎರವಾಗಬಹುದು. ಯಾವ ಮಗುವನ್ನು ಈಗಲೇ, ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ದಿನಗಳ ಲೆಕ್ಕದಿಂದ ತಿಳಿಯಲಾಗದು. ಆದ್ದರಿಂದ ಈ ಪತ್ರ.

ಮೂರು ತಿಂಗಳು ತುಂಬದ ಕೂಸಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಕಾಯುವ ಪ್ರಶ್ನೆಯೇ ಇಲ್ಲ. ರಕ್ತದಲ್ಲಿ, ಮೂತ್ರದಲ್ಲಿ, ಮಿದುಳಿನ ಪೊರೆಯಲ್ಲಿ ಸೋಂಕಿದ್ದರೂ ಈ ವಯಸ್ಸಿನಲ್ಲಿ ಹೊರಗೆ ಕಾಣುವುದು ಬರೀ ಜ್ವರ ಮಾತ್ರ ಇರಬಹುದು. ಕೆಲವು ಕೂಸುಗಳಲ್ಲಿ ಜ್ವರದ ಬದಲು ಮೈ ತಣ್ಣಗಾಗುತ್ತದೆ. 35.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದೂ ಅಷ್ಟೇ ತುರ್ತು. ಅಂಗೈ ಇಟ್ಟು ನೋಡಿದ್ದು ಸಾಲದು. ಥರ್ಮಾಮೀಟರಿನ ತುದಿಯನ್ನು ಒಣ ಕಂಕುಳಲ್ಲಿಟ್ಟು, ತೋಳನ್ನು ಎದೆಗೆ ಒತ್ತಿಹಿಡಿದು, ಬೀಪ್ ಸದ್ದು ಬರುವವರೆಗೆ ಕಾಯಬೇಕು. ಔಷಧಿ ಕುಡಿಸಿ ಬೆಳಗಿನವರೆಗೆ ನೋಡೋಣ ಎನ್ನುವುದು ಈ ವಯಸ್ಸಿಗೆ ಸಲ್ಲದು.

ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಥರ್ಮಾಮೀಟರಿನ ಅಂಕಿಗಿಂತ ಮಗುವಿನ ಚರ್ಯೆ ಹೆಚ್ಚು ಹೇಳುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು ಒಂದು ಗಂಟೆಯ ಮೇಲೆ, ಮೈಬಿಸಿ ಇಳಿದಾಗ ಮಗುವನ್ನು ನೋಡಿ. 103 ಡಿಗ್ರಿ ಫ್ಯಾರನ್‌ಹೀಟ್ ಏರಿದ್ದ ಮಗು ಕಣ್ಣಿಟ್ಟು ನೋಡಿ, ಕೈಚಾಚಿ, ನಾಲ್ಕು ಗುಟುಕು ಕುಡಿದರೆ ಸ್ವಲ್ಪ ಸಮಾಧಾನ ಪಡಬಹುದು. ಬಿಸಿ ಇಳಿದ ಮೇಲೂ ಮಂಕಾಗಿಯೇ ಇದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ, ಅಪ್ಪ ಅಮ್ಮನ ಮುಖವನ್ನೂ ಗಮನಿಸದಿದ್ದರೆ ಆಗಲೇ ಹೊರಡಬೇಕು. ಔಷಧಿಗೆ ಜ್ವರ ಇಳಿಯಿತು ಎಂದ ಮಾತ್ರಕ್ಕೆ ಕಾಯಿಲೆ ಸಣ್ಣದು ಎಂದಲ್ಲ. ಡೆಂಗಿಯಲ್ಲಂತೂ ಅಪಾಯ ಹೆಚ್ಚುವುದೇ ಜ್ವರ ಇಳಿಯುವ ಹೊತ್ತಿಗೆ. ಆಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು ಕಂಡರೆ ‘ಜ್ವರ ಬಿಟ್ಟಿತಲ್ಲ’ ಎಂದು ಸುಮ್ಮನಿರಬಾರದು.

ಇನ್ನು ಉಸಿರು. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದಾದ, ಆದರೆ ಹೆಚ್ಚಿನವರು ಮಾಡದ ಪರೀಕ್ಷೆ ಇದು. ಯಂತ್ರ ಬೇಡ, ಸೆಕೆಂಡಿನ ಮುಳ್ಳಿರುವ ಗಡಿಯಾರ ಸಾಕು. ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ನಿದ್ದೆಯಲ್ಲೋ ಮಡಿಲಲ್ಲಿ ಸುಮ್ಮನಿರುವಾಗಲೋ ಅಂಗಿ ಮೇಲೆತ್ತಿ, ಹೊಟ್ಟೆ ಮತ್ತು ಎದೆ ಎರಡೂ ಕಾಣುವಂತೆ ಮಾಡಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಬೇಕು, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬಾರದು. ಎಳೆಗೂಸುಗಳು ಒಂದಷ್ಟು ಬೇಗಬೇಗ ಉಸಿರಾಡಿ, ಕ್ಷಣ ನಿಲ್ಲಿಸಿ, ಮತ್ತೆ ಶುರುಮಾಡುವುದರಿಂದ ಗುಣಿಸಿದ ಲೆಕ್ಕ ಎತ್ತಲೋ ಹೋಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಆಗಲೂ ಅಷ್ಟೇ ಬಂದರೆ ಅದು ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಈ ಗಡಿ ಮುಟ್ಟಿದ ಮಗುವನ್ನು ಅಂದೇ ವೈದ್ಯರು ನೋಡಬೇಕು. ಎರಡು ತಿಂಗಳೊಳಗಿನದಾದರೆ ತಕ್ಷಣ.

ಎಣಿಕೆ ಗಡಿಯೊಳಗಿದ್ದರೂ ಎದೆಯ ಕೆಳಭಾಗ ನೋಡಿ. ಉಸಿರೆಳೆದಾಗ ಎದೆ, ಹೊಟ್ಟೆ ಎರಡೂ ಹೊರಕ್ಕೆ ಬರಬೇಕು. ಅದರ ಬದಲು ಪಕ್ಕೆಯ ಕೆಳಗಿನ ಅಂಚು ಒಳಕ್ಕೆ ಎಳೆದುಕೊಂಡರೆ ಶ್ವಾಸಕೋಶಕ್ಕೆ ಗಾಳಿ ತುಂಬಲು ಮಗು ಹೆಣಗುತ್ತಿದೆ ಎಂದರ್ಥ. ಪ್ರತಿ ಉಸಿರಿಗೂ ನರಳುವ ಸದ್ದು, ಅರಳುವ ಮೂಗಿನ ಹೊಳ್ಳೆ, ನಾಲಿಗೆ ತುಟಿ ನೀಲಿಗಟ್ಟುವುದು, ಅಳದೆ ಸುಮ್ಮನಿರುವಾಗಲೂ ಉಸಿರೆಳೆದಾಗ ಗಂಟಲಲ್ಲಿ ಗೀರುಸದ್ದು, ಇವಕ್ಕೆಲ್ಲ ಆಂಬುಲೆನ್ಸೇ ಬೇಕು. ಒಂದು ಮಾತನ್ನು ಒತ್ತಿ ಹೇಳಬೇಕು: ಹೀಗೆ ಹೆಣಗುತ್ತಿದ್ದ ಮಗುವಿನ ಉಸಿರು ತಾನಾಗಿ ನಿಧಾನವಾಗಿ, ಮಗು ಮಂಕಾದರೆ ಅದು ಗುಣವಲ್ಲ, ಸ್ನಾಯುಗಳು ಸೋತಿವೆ. ಬೆರಳಿಗೆ ಸಿಕ್ಕಿಸುವ ದೊಡ್ಡವರ ಆಕ್ಸಿಮೀಟರ್ ಸಣ್ಣ ಬೆರಳಿಗೆ ಸರಿಯಾಗಿ ಕೂರದೆ ತಪ್ಪು ಅಂಕಿ ತೋರಿಸುತ್ತದೆ. ಅದನ್ನು ನಂಬಿ ಕೂರಬೇಡಿ.

ವಾಂತಿ ಭೇದಿಯಲ್ಲಿ ಎಷ್ಟು ಸಲ ಆಯಿತು ಎನ್ನುವುದರ ಜೊತೆಗೆ ಎಷ್ಟು ಒಳಗೆ ಉಳಿಯಿತು, ಮೂತ್ರ ಯಾವಾಗ ಹೋಯಿತು ಎಂದೂ ಬರೆದಿಡಿ. ಎಂಟು ಗಂಟೆ ಮೂತ್ರವಿಲ್ಲ, ಅತ್ತರೆ ಕಣ್ಣೀರಿಲ್ಲ, ಬಾಯಿ ಒಣಗಿದೆ, ಕಣ್ಣು ಅಥವಾ ನೆತ್ತಿ ಗುಳಿಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಕೂಡಲೇ ಮಾಯವಾಗುತ್ತಿಲ್ಲ ಎಂದಾದರೆ ಹೊರಡಿ. ಓಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರಿನದೂ ಇದೆ, 200 ಮಿಲಿಯದೂ ಇದೆ, ಓದಿ ನೋಡಿ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ರಕ್ತದಲ್ಲಿ ಉಪ್ಪಿನಂಶ ಏರಿ ಮಿದುಳಿಗೇ ಹೊಡೆತ. ಬೆರೆಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕೊಡಿ. ಲೋಟ ಎತ್ತಿ ಕುಡಿಸಿದ್ದೇ ಎಷ್ಟೋ ಸಲ ಮರುವಾಂತಿಗೆ ಕಾರಣ. ಚಮಚದಲ್ಲಿ ಕೊಟ್ಟದ್ದೂ ಪೂರ್ತಿ ಹೊರಬಂದರೆ ಮನೆ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಹಸಿರು ವಾಂತಿ, ಮಲದಲ್ಲಿ ರಕ್ತ, ಬಿಟ್ಟುಬಿಟ್ಟು ಮೊಣಕಾಲು ಮಡಚಿ ಕಿರುಚಿ ನಡುವೆ ಬಿಳಿಚಿಕೊಳ್ಳುವುದು ಕಂಡರೆ ಕರುಳು ತಿರುಚಿರಬಹುದು, ಇಲ್ಲವೇ ಒಂದರೊಳಗೊಂದು ಸೇರಿಕೊಂಡಿರಬಹುದು. ಇಲ್ಲಿ ಗಂಟೆಗಳೂ ಅಮೂಲ್ಯ.

ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ. ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಬೇಗ ನಿಂತರೂ ಮೊದಲ ಸಲದ್ದಾದರೆ ಆಗಲೇ ಆಸ್ಪತ್ರೆಗೆ ಒಯ್ಯಿರಿ.

ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಗಾಜಿನ ಲೋಟದ ಬದಿಯನ್ನು ಒತ್ತಿ ನೋಡಿ. ಜ್ವರದ ಜೊತೆ, ಒತ್ತಿದರೂ ಮಾಸದ ಚುಕ್ಕೆ ತೀರ ಅಪಾಯದ ಸೂಚನೆ. ಕತ್ತು ಬಿಗಿಯುವುದು, ನೆತ್ತಿ ಉಬ್ಬುವುದೂ ಹಾಗೆಯೇ. ಬಟನ್ ಬ್ಯಾಟರಿ ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸದೆ ಓಡಬೇಕು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಎರಡೇ ಗಂಟೆಯಲ್ಲಿ ಸುಡಬಲ್ಲದು.

ಪ್ಯಾರಾಸಿಟಮಾಲ್ ವಿಷಯದಲ್ಲಿ ತಪ್ಪಾಗುವುದು ಹೆಚ್ಚಾಗಿ ಬಾಟಲಿಯ ಗುರುತಿನಿಂದ. ಪ್ರಮಾಣ ತೂಕದ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸಿನ ನಡುವೆ ಕನಿಷ್ಠ ನಾಲ್ಕು ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಹತ್ತು ಕಿಲೋ ಮಗುವಿಗೆ ಒಮ್ಮೆಗೆ 150 ಮಿಲಿಗ್ರಾಂ ಎಂದರೆ, 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಸಿರಪ್ 3 ಮಿಲಿ, ಪ್ರತಿ ಮಿಲಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಕೇವಲ ಒಂದೂವರೆ ಮಿಲಿ. ಡ್ರಾಪ್ಸನ್ನು ಸಿರಪ್ಪಿನಂತೆ 5 ಮಿಲಿ ಅಳೆದರೆ ಮೂರು ಪಟ್ಟಿಗೂ ಹೆಚ್ಚು ಹೋಗುತ್ತದೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಲೇಬಾರದು.

ಹೊರಡುವಾಗ ಕೊಟ್ಟ ಔಷಧಿಯ ಬಾಟಲಿಗಳು, ಲಸಿಕೆ ಕಾರ್ಡ್, ಕೊನೆಯ ಮೂತ್ರ ಮತ್ತು ಕೊನೆಯ ಡೋಸಿನ ಹೊತ್ತು ಬರೆದ ಚೀಟಿ ಜೊತೆಗಿರಲಿ. ‘ಜ್ವರ ಇದೆ’ ಎಂದಷ್ಟೇ ಹೇಳದೆ ‘ಎಂಟು ತಿಂಗಳ ಮಗು, ಉಸಿರು ನಿಮಿಷಕ್ಕೆ 58, ಬೆಳಗಿನಿಂದ ಮೂತ್ರವಿಲ್ಲ’ ಎಂದರೆ ಬಾಗಿಲಲ್ಲೇ ನಿಮ್ಮನ್ನು ಮುಂದಕ್ಕೆ ಕರೆಯುತ್ತಾರೆ. ಈ ಯಾವ ಲಕ್ಷಣವೂ ಇಲ್ಲದಿದ್ದರೂ ‘ಮಗು ಎಂದಿನಂತಿಲ್ಲ’ ಎಂದು ತಾಯಿಗೆ ಅನ್ನಿಸಿದರೆ ತೋರಿಸಿಬಿಡಬೇಕು. ದಿನವೂ ಎತ್ತಿ ಆಡಿಸುವವರ ಕಣ್ಣಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತದೆ.

ಮುಂದೆ ಮಕ್ಕಳ ಜ್ವರದ ಬಗ್ಗೆ ಬರೆಯುವಾಗ ‘ಮೂರು ದಿನ’ದ ಸಾಲಿನ ಪಕ್ಕದಲ್ಲಿ 60, 50, 40 ಎಂಬ ಉಸಿರಿನ ಗಡಿಗಳನ್ನೂ, ಮೂರು ತಿಂಗಳೊಳಗಿನ ಕೂಸಿನ ನಿಯಮವನ್ನೂ ಒಂದು ಸಣ್ಣ ಚೌಕದಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇವೆ. ಕತ್ತರಿಸಿ ಔಷಧಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸುವಷ್ಟು ಜಾಗ ಸಾಕು.

ಇಂತಿ,
ಮಕ್ಕಳ ಆರೋಗ್ಯ ಸೇವೆಯಲ್ಲಿರುವ ಓದುಗರು