ಕಾರ್ಡು ಇದೆ, ಹಾಸಿಗೆ ಇಲ್ಲ

ಮಾನ್ಯ ಸಂಪಾದಕರೇ,

ಆರೋಗ್ಯ ವಿಮೆಯ ಕುರಿತು ಪತ್ರಿಕೆಗಳಲ್ಲಿ ಬರುವ ವರದಿಗಳು ಬಹುಮಟ್ಟಿಗೆ ಒಂದೇ ಅಂಕಿಯನ್ನು ಹಿಡಿದುಕೊಂಡಿರುತ್ತವೆ: ಎಷ್ಟು ಜನ ವಿಮೆಯ ವ್ಯಾಪ್ತಿಗೆ ಬಂದರು ಎಂಬುದು. ಆ ಅಂಕಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ, ಅದರ ಪಕ್ಕದಲ್ಲಿರಬೇಕಾದ ಇನ್ನೊಂದು ಅಂಕಿ ಅಚ್ಚಾಗುವುದೇ ಇಲ್ಲವೆಂಬುದನ್ನು ಗಮನಿಸಿದ್ದೇನೆ. ಒಂದು ಚಿಕಿತ್ಸೆಗೆ ವಿಮೆಯವರು ಆಸ್ಪತ್ರೆಗೆ ಕೊಡುವ ಹಣವೆಷ್ಟು, ಅದಕ್ಕೆ ನಿಜವಾಗಿ ತಗಲುವ ಖರ್ಚೆಷ್ಟು, ಅದೇ ಚಿಕಿತ್ಸೆಗೆ ಬೇರೆ ವಿಮೆಯವರು ಕೊಡುವುದೆಷ್ಟು ಎಂಬ ಲೆಕ್ಕ ಅದು. ಕಾರ್ಡು ಹಿಡಿದು ಬಂದವನಿಗೆ ಹಾಸಿಗೆ ಸಿಗುತ್ತದೆಯೋ ಇಲ್ಲವೋ ಎಂಬುದು ಬಹುತೇಕ ಆ ಲೆಕ್ಕದಲ್ಲೇ ತೀರ್ಮಾನವಾಗಿರುತ್ತದೆ.

ದರ ಕಡಿಮೆಯಿದ್ದರೆ ಆಸ್ಪತ್ರೆಯವರು ರೋಗಿಯನ್ನು ಬಾಗಿಲಲ್ಲೇ ತಡೆದು ಕಳಿಸುತ್ತಾರೆಂದು ಹೊರಗಿನವರು ಭಾವಿಸುತ್ತಾರೆ. ಹಾಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸದ್ಯ ಹಾಸಿಗೆ ಖಾಲಿಯಿಲ್ಲ, ಮುಂದಿನ ವಾರ ಫೋನ್ ಮಾಡಿ ನೋಡಿ ಎನ್ನುತ್ತಾರೆ. ತಜ್ಞರು ರಜೆಯಲ್ಲಿದ್ದಾರೆ, ಈ ವಿಮೆಯ ಮುಂಗಡ ಅನುಮತಿ ಬರುವುದು ತಡ, ದೊಡ್ಡ ಆಸ್ಪತ್ರೆಗೆ ಹೋದರೆ ಒಳ್ಳೆಯದು ಎನ್ನುತ್ತಾರೆ. ಇವುಗಳಲ್ಲಿ ಯಾವ ಮಾತೂ ದಾಖಲೆಯಲ್ಲಿ ನಿರಾಕರಣೆಯೆಂದು ನಮೂದಾಗುವುದಿಲ್ಲ. ಸರದಿಯ ಪಟ್ಟಿಯಲ್ಲಿ ಯಾರ ಹೆಸರಿನ ಮುಂದೆ ಯಾವ ವಿಮೆಯೆಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದವರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಮಾತನ್ನು ದೂರಾಗಿ ಬರೆಯುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಇದರ ಹಿಂದಿನ ಲೆಕ್ಕವನ್ನು ತುಸು ಬಿಡಿಸಿ ಹೇಳಬೇಕು. ಆಸ್ಪತ್ರೆಯ ಖರ್ಚಿನ ದೊಡ್ಡ ಪಾಲು ರೋಗಿ ಬಂದರೂ ಬಾರದಿದ್ದರೂ ಆಗುವಂಥದ್ದು: ಸಿಬ್ಬಂದಿಯ ಸಂಬಳ, ಕಟ್ಟಡದ ನಿರ್ವಹಣೆ, ಯಂತ್ರಗಳ ಮೇಲಿನ ಸಾಲದ ಕಂತು. ಒಬ್ಬ ರೋಗಿ ಹೆಚ್ಚಾದರೆ ಬೀಳುವ ಖರ್ಚು ಔಷಧಿ, ಪರೀಕ್ಷೆ, ಶಸ್ತ್ರಚಿಕಿತ್ಸೆಯ ಸಾಮಗ್ರಿಗಳದ್ದು ಮಾತ್ರ. ಹಾಸಿಗೆಗಳು ಖಾಲಿಯಿರುವ ತಿಂಗಳಲ್ಲಿ ಆ ಚಿಕ್ಕ ಖರ್ಚು ಕಳೆದು ಸ್ವಲ್ಪ ಉಳಿದರೂ ಸಾಕು. ಕಡಿಮೆ ದರದ ವಿಮೆಯವರನ್ನೂ ಆಗ ಸಂತೋಷದಿಂದಲೇ ಸೇರಿಸಿಕೊಳ್ಳುತ್ತಾರೆ. ಹಾಸಿಗೆಗಳು ತುಂಬತೊಡಗಿದಾಗ ಮಾತ್ರ ಲೆಕ್ಕ ತಿರುಗಿ ನಿಲ್ಲುತ್ತದೆ, ಏಕೆಂದರೆ ಈಗ ಇವನಿಗೆ ಕೊಟ್ಟ ಹಾಸಿಗೆ ಹೆಚ್ಚು ದರ ಕೊಡುವ ಇನ್ನೊಬ್ಬನಿಗೆ ತಪ್ಪಿದ ಹಾಸಿಗೆ. ಅಂದರೆ ಕಡಿಮೆ ದರದ ವಿಮೆ ಕಾಯಿಲೆ ಕಡಿಮೆಯಿರುವ ದಿನಗಳಲ್ಲಿ ಚೆನ್ನಾಗಿ ನಡೆದು, ಊರಿಗೆ ಊರೇ ಮಲಗಿದ ದಿನಗಳಲ್ಲಿ ಕೈಕೊಡುತ್ತದೆ. ವರ್ಷದ ಒಟ್ಟು ಲೆಕ್ಕ ತೆಗೆದರೆ ಇದು ಕಾಣಿಸುವುದಿಲ್ಲ; ಇಷ್ಟು ಸಾವಿರ ಮಂದಿಗೆ ಚಿಕಿತ್ಸೆ ದೊರೆತಿದೆ ಎಂಬ ಸಾಲು ವರದಿಯಲ್ಲಿ ನಿಜವಾಗಿಯೇ ಇರುತ್ತದೆ.

ಇದು ಬರಿಯ ಅನುಭವದ ಮಾತಲ್ಲ, ಅಳೆದು ನೋಡಿದ್ದೂ ಉಂಟು. ಅಮೆರಿಕದ ಶಿಕಾಗೋ ನಗರವಿರುವ ಕುಕ್ ಕೌಂಟಿಯಲ್ಲಿ ಸಂಶೋಧಕರು ಮಕ್ಕಳ ತಜ್ಞ ಚಿಕಿತ್ಸಾಲಯಗಳಿಗೆ ತಾಯಂದಿರಂತೆ ಫೋನ್ ಮಾಡಿ, ಒಂದೇ ತೊಂದರೆಯನ್ನು ಎರಡು ಸಲ ವಿವರಿಸಿ, ಒಮ್ಮೆ ಖಾಸಗಿ ವಿಮೆಯಿದೆಯೆಂದೂ ಇನ್ನೊಮ್ಮೆ ಬಡ ಮಕ್ಕಳ ಸರ್ಕಾರಿ ವಿಮೆಯಿದೆಯೆಂದೂ ಹೇಳಿ ಭೇಟಿಯ ಸಮಯ ಕೇಳಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸರ್ಕಾರಿ ವಿಮೆಯೆಂದಾಗ ನೂರರಲ್ಲಿ 66 ಕರೆಗಳಿಗೆ ಸಮಯ ಸಿಗಲಿಲ್ಲ. ಖಾಸಗಿ ವಿಮೆಯೆಂದಾಗ ಸಿಗದಿದ್ದುದು ನೂರಕ್ಕೆ 11. ಎರಡೂ ವಿಮೆಯವರಿಗೆ ಸಮಯ ಕೊಟ್ಟ ಕಡೆಯಲ್ಲೂ ಸರ್ಕಾರಿ ವಿಮೆಯ ಮಗು ಸರಾಸರಿ 22 ದಿನ ಹೆಚ್ಚು ಕಾಯಬೇಕಿತ್ತು. ಕಾಯಿಲೆ ಅದೇ, ಮಗು ಅದೇ, ಬದಲಾದದ್ದು ವಿಮೆಯ ಹೆಸರು.

ಇದಕ್ಕೆ ದರವೊಂದೇ ಕಾರಣವೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಅದೇ ದೇಶದಲ್ಲಿ ಸ್ವಲ್ಪಮಟ್ಟಿಗೆ ಸಿಕ್ಕಿತು. ಬಡವರಿಗಾಗಿ ಇರುವ ಮೆಡಿಕೇಡ್ ವಿಮೆಯಲ್ಲಿ ಪ್ರಾಥಮಿಕ ವೈದ್ಯರಿಗೆ ಕೊಡುವ ದರವನ್ನು 2013 ಮತ್ತು 2014ರ ಎರಡು ವರ್ಷಗಳ ಮಟ್ಟಿಗೆ, ಹಿರಿಯರ ವಿಮೆಯಾದ ಮೆಡಿಕೇರ್‌ನ ದರಕ್ಕೆ ಏರಿಸಲಾಯಿತು. ಹತ್ತು ರಾಜ್ಯಗಳಲ್ಲಿ ಇದೇ ರೀತಿ ಫೋನ್ ಮಾಡಿ ನೋಡಿದಾಗ, ಮೆಡಿಕೇಡ್‌ನ ಹೊಸ ರೋಗಿಗೆ ಸಮಯ ಸಿಗುವ ಪ್ರಮಾಣ ನೂರಕ್ಕೆ 58.7ರಿಂದ 66.4ಕ್ಕೆ ಏರಿತ್ತು. ದರ ಹೆಚ್ಚು ಏರಿದ ರಾಜ್ಯಗಳಲ್ಲಿ ಈ ಏರಿಕೆಯೂ ಹೆಚ್ಚಾಗಿತ್ತು. ಎರಡು ವರ್ಷ ಮುಗಿದ ಮೇಲೆ ಕೇಂದ್ರದ ಹಣ ನಿಂತಿತು, ಹಲವು ರಾಜ್ಯಗಳು ಹಳೆಯ ದರಕ್ಕೆ ಮರಳಿದವು. ಏರಿಕೆ ಪವಾಡವೇನಲ್ಲ, ನೂರಕ್ಕೆ ಎಂಟರ ಆಸುಪಾಸು. ಆದರೂ ಫೋನ್ ಎತ್ತಿದ ಗುಮಾಸ್ತೆಯ ಉತ್ತರ ದರದ ಪಟ್ಟಿಯನ್ನು ನೋಡಿಕೊಂಡು ಬದಲಾಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ.

ದರದ ಮೊತ್ತದಂತೆಯೇ ದರದ ರೂಪವೂ ಚಿಕಿತ್ಸೆಯನ್ನು ತಿರುಗಿಸುತ್ತದೆ. 1983ರಲ್ಲಿ ಮೆಡಿಕೇರ್, ಆದ ಖರ್ಚನ್ನು ತುಂಬಿಕೊಡುವ ಪದ್ಧತಿ ಬಿಟ್ಟು, ಕಾಯಿಲೆಯ ಗುಂಪಿಗೆ ಇಂತಿಷ್ಟೆಂದು ಮೊದಲೇ ಗೊತ್ತುಪಡಿಸಿದ ಮೊತ್ತ ಕೊಡತೊಡಗಿದಾಗ, ಹಿರಿಯರು ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಕೆಲವೇ ವರ್ಷಗಳಲ್ಲಿ ಇಳಿದವು; ಅದರಲ್ಲಿ ವ್ಯರ್ಥ ದಿನಗಳು ತಪ್ಪಿದ್ದೂ ಹೌದು, ಪೂರ್ತಿ ಚೇತರಿಸಿಕೊಳ್ಳದೆ ಮನೆಗೆ ಹೊರಟವರು ಹೆಚ್ಚಾದದ್ದೂ ಹೌದು. ಕೊಡುವ ಹಣ ತಡವಾದರೆ, ಕ್ಲೇಮಿನಲ್ಲಿ ಕಾರಣ ಹೇಳದೆ ಕಡಿತ ಮಾಡಿದರೆ, ಕಾಗದದ ಮೇಲಿನ ದರ ಎಷ್ಟೇ ಇರಲಿ, ಆಸ್ಪತ್ರೆಯ ಮಟ್ಟಿಗೆ ಅದು ಕಡಿಮೆ ದರವೇ.

ಹಾಗಾದರೆ ದರ ಏರಿಸಿದರಾಯಿತು ಎನ್ನಲು ನಾನು ಸಿದ್ಧನಿಲ್ಲ. ಏರಿಸಿದ ಹಣ ವಿಮೆಯ ಕಂತಿನಿಂದಲೋ ತೆರಿಗೆಯಿಂದಲೋ ಬರಬೇಕು, ಮತ್ತು ಆಸ್ಪತ್ರೆಗಳು ಕೊಡುವ ಖರ್ಚಿನ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆ ಲೆಕ್ಕ ಹೇಗೆ ತಯಾರಾಗುತ್ತದೆಂದು ನನಗೆ ಗೊತ್ತು. ನನ್ನ ದೃಷ್ಟಿಯಲ್ಲಿ ಹೆಚ್ಚು ಕೆಡುಕು ಮಾಡುವುದು ದರಗಳ ನಡುವಿನ ಅಂತರ. ಒಬ್ಬ ರೋಗಿಗೆ ಒಂದು ದರ, ಪಕ್ಕದವನಿಗೆ ಎರಡು ಪಟ್ಟು ದರ ಎಂದಾಗ ಸರದಿಯನ್ನು ವಿಂಗಡಿಸುವ ಕಾರಣ ಹುಟ್ಟಿಕೊಳ್ಳುತ್ತದೆ. ಜಪಾನಿನಲ್ಲಿ ಯಾವ ವಿಮೆಯ ಸದಸ್ಯನಾದರೂ ಒಂದು ಚಿಕಿತ್ಸೆಗೆ ದೇಶವಿಡೀ ಒಂದೇ ದರಪಟ್ಟಿಯಿದೆ, ಅದನ್ನು ಎರಡು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಾರೆ. ಅಮೆರಿಕದಲ್ಲೇ ಮೇರಿಲ್ಯಾಂಡ್ ರಾಜ್ಯ, ಒಂದು ಆಸ್ಪತ್ರೆಗೆ ಎಲ್ಲ ವಿಮೆಗಳೂ ಒಂದೇ ದರದಲ್ಲಿ ಕೊಡುವ ವ್ಯವಸ್ಥೆಯನ್ನು 1970ರ ದಶಕದಿಂದ ನಡೆಸಿಕೊಂಡು ಬಂದಿದೆ. ಆ ದರಗಳೂ ಎಲ್ಲರಿಗೂ ಒಪ್ಪಿಗೆಯಲ್ಲ. ಆದರೆ ಅಲ್ಲಿ ಹಾಸಿಗೆ ಕೊಡುವವನಿಗೆ ಕಾರ್ಡಿನ ಬಣ್ಣ ನೋಡುವ ಅಗತ್ಯ ಬಹಳಮಟ್ಟಿಗೆ ಇಲ್ಲ.

ಕಾನೂನಿನಲ್ಲಿ ಬರೆದಿಟ್ಟರೆ ಸಾಲದೆಂಬುದಕ್ಕೂ ಉದಾಹರಣೆಯಿದೆ. ಸುತ್ತಲಿನ ಜನರಿಗೆ ಸಿಗುವಷ್ಟು ಚಿಕಿತ್ಸೆ ಮೆಡಿಕೇಡ್‌ನವರಿಗೂ ಸಿಗುವಂತೆ, ಸಾಕಷ್ಟು ವೈದ್ಯರನ್ನು ಸೆಳೆಯುವ ದರವನ್ನು ರಾಜ್ಯಗಳು ಕೊಡಬೇಕೆಂದು ಅಮೆರಿಕದ ಕಾಯ್ದೆ ಹೇಳುತ್ತದೆ. ದರ ಸಾಲದೆಂದು ಸೇವೆ ಒದಗಿಸುವವರು ಈ ನಿಯಮದ ಆಧಾರದ ಮೇಲೆ ರಾಜ್ಯದ ವಿರುದ್ಧ ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿತು. ನಿಯಮ ಉಳಿಯಿತು, ಅದನ್ನು ಹಿಡಿದು ಕೇಳುವ ದಾರಿ ಕಿರಿದಾಯಿತು.

ಆದ್ದರಿಂದ ದರ ನಿಗದಿ ಮಾಡುವವರು, ಅವರು ಸರ್ಕಾರವಾಗಲಿ ಖಾಸಗಿ ಸಂಸ್ಥೆಯಾಗಲಿ, ದರಪಟ್ಟಿಯ ಜೊತೆಗೆ ಅದಕ್ಕೆ ಆಧಾರವಾದ ಖರ್ಚಿನ ಲೆಕ್ಕವನ್ನೂ ಪ್ರಕಟಿಸಬೇಕು. ಕುಕ್ ಕೌಂಟಿಯಲ್ಲಿ ಮಾಡಿದಂತೆ ವರ್ಷಕ್ಕೊಮ್ಮೆಯಾದರೂ ರೋಗಿಯ ಹೆಸರಿನಲ್ಲಿ ಫೋನ್ ಮಾಡಿಸಿ, ಎಷ್ಟು ಕಡೆ ಎಷ್ಟು ದಿನಕ್ಕೆ ಸಮಯ ಸಿಕ್ಕಿತೆಂಬುದನ್ನು ಹೇಳಬೇಕು. ಹಾಸಿಗೆ ತುಂಬಿರುವ ತಿಂಗಳುಗಳ ಲೆಕ್ಕವನ್ನು ಬೇರೆಯಾಗಿಯೇ ಕೊಡಬೇಕು. ತಮ್ಮಲ್ಲಿ ನನ್ನ ಕೋರಿಕೆ ಇನ್ನೂ ಚಿಕ್ಕದು: ವಿಮೆಯ ವ್ಯಾಪ್ತಿಗೆ ಬಂದವರ ಸಂಖ್ಯೆಯನ್ನು ಮುಂದಿನ ಸಲ ಅಚ್ಚು ಹಾಕುವಾಗ, ಆ ವಿಮೆಯನ್ನು ಒಪ್ಪಿಕೊಳ್ಳುವ ಆಸ್ಪತ್ರೆಗಳೆಂದು ಪಟ್ಟಿಯಲ್ಲಿರುವುದು ಎಷ್ಟು, ಹಿಂದಿನ ತಿಂಗಳು ಅವುಗಳಲ್ಲಿ ಒಬ್ಬ ರೋಗಿಯನ್ನಾದರೂ ಸೇರಿಸಿಕೊಂಡದ್ದು ಎಷ್ಟು ಎಂದು ತಮ್ಮ ವರದಿಗಾರರು ಕೇಳಿ ಬರೆಯಲಿ.

ಇಂತಿ,
ಆಸ್ಪತ್ರೆಯೊಂದರ ನಿವೃತ್ತ ಲೆಕ್ಕಪತ್ರ ಸಿಬ್ಬಂದಿ