ಹಳೆಯ ಪ್ರಸಂಗ ಸಂಪುಟಗಳ ಕಟ್ಟು ಬಿಚ್ಚದಿರಲಿ

ಮಾನ್ಯ ಸಂಪಾದಕರೇ,

ಕೊಡಗಿನ ಅಮ್ಮತ್ತಿಯ ಕಡೆ ನನಗೆ ಬಹುಕಾಲದಿಂದ ಪರಿಚಯವಿದ್ದ ಕ್ರೈಸ್ತ ಮನೆತನದ ಅಜ್ಜಿಯೊಬ್ಬರು ಕಳೆದ ವರ್ಷ ತೀರಿಕೊಂಡರು. ಅವರ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲಿದ್ದ ಮರದ ಪೆಟ್ಟಿಗೆಯಿಂದ ಒಂದು ದಪ್ಪ ಪುಸ್ತಕ ಹೊರಬಂತು. ಬೆನ್ನಿಗೆ ಚರ್ಮ, ರಟ್ಟಿಗೆ ಮಾಸಿದ ಬಣ್ಣದ ಕಾಗದ. ಮುಂದಿನ ರಟ್ಟು ಕಳಚಿ ಒಂದೆರಡು ಎಳೆ ನೂಲಿನಲ್ಲಿ ತೂಗುತ್ತಿತ್ತು. ತೆರೆದು ನೋಡಿದರೆ ಅದರೊಳಗೆ 21 ಸಣ್ಣ ಪುಸ್ತಿಕೆಗಳಿದ್ದವು. 15 ಇಂಗ್ಲಿಷಿನವು, 6 ಕನ್ನಡದವು. ಎಲ್ಲವೂ ಹತ್ತೊಂಬತ್ತನೆಯ ಶತಮಾನದ ಪ್ರೊಟೆಸ್ಟೆಂಟ್ ಬೋಧಕರ ಪ್ರಸಂಗಗಳು (ಚರ್ಚಿನ ಆರಾಧನೆಯಲ್ಲಿ ಮಾಡಿದ ಬೋಧನೆಗಳು), ಶವಸಂಸ್ಕಾರದ ವೇಳೆ ಆಡಿದ ಮಾತುಗಳು ಮತ್ತು ಮಿಶನ್ ಸಭೆಗಳಲ್ಲಿ ಮಾಡಿದ ಭಾಷಣಗಳು.

ಅಜ್ಜಿಯ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು. ಬೆಲೆ ತಿಳಿಯೋಣವೆಂದು ಅವರು ಪುಸ್ತಕವನ್ನು ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರಿಗೆ ತೋರಿಸಿದರು. ಇಡೀ ಸಂಪುಟಕ್ಕೆ ಗಿರಾಕಿ ಸಿಗುವುದು ಕಷ್ಟ, ಹೊಲಿಗೆ ಬಿಚ್ಚಿ ಒಂದೊಂದೇ ಪುಸ್ತಿಕೆಯಾಗಿ ಮಾರಿದರೆ ಒಳ್ಳೆಯ ಹಣ ಬರುತ್ತದೆ, ಚಿತ್ರವಿರುವ ಹಾಳೆಗಳಿಗೆ ಚೌಕಟ್ಟು ಹಾಕಿಸಿದರೆ ಹೋಂಸ್ಟೇಯವರು ಗೋಡೆಗೆ ತೂಗುಹಾಕಲು ಕೊಳ್ಳುತ್ತಾರೆ ಎಂದು ಆ ವ್ಯಾಪಾರಿ ಹೇಳಿದರಂತೆ. ಕನ್ನಡದ 6 ಪುಸ್ತಿಕೆಗಳಿಗೆ ಅವರು ಯಾವ ಬೆಲೆಯನ್ನೂ ಕಟ್ಟಲಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ಸಂಗತಿಯನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಮೊಮ್ಮಗನನ್ನು ಕೇಳಿಕೊಂಡು ಪುಸ್ತಕವನ್ನು ಸದ್ಯಕ್ಕೆ ನನ್ನ ಮನೆಯಲ್ಲಿ ಇರಿಸಿಕೊಂಡಿದ್ದೇನೆ. ಕೊಡಗಿನ ಬೇರೆ ಮನೆಗಳಲ್ಲಿಯೂ ಚರ್ಚುಗಳ ಬೀರುಗಳಲ್ಲಿಯೂ ಇಂಥ ಸಂಪುಟಗಳು ಇರಬಹುದೆಂಬ ಕಾರಣಕ್ಕೆ, ಅವುಗಳ ಕಟ್ಟನ್ನು ಬಿಚ್ಚಬೇಡಿ, ಬಿಚ್ಚಲು ಬಿಡಬೇಡಿ ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತಿದ್ದೇನೆ.

ಆ ಕಾಲದಲ್ಲಿ ಪ್ರಸಂಗಗಳು ಬಿಡಿ ಪುಸ್ತಿಕೆಗಳಾಗಿ ಅಚ್ಚಾಗುತ್ತಿದ್ದವು. ಲಂಡನ್ನಿನ ಬ್ಯಾಪ್ಟಿಸ್ಟ್ ಬೋಧಕ ಚಾರ್ಲ್ಸ್ ಸ್ಪರ್ಜನ್ ಅವರ ಪ್ರಸಂಗಗಳು 1855ರಿಂದ ವಾರಕ್ಕೊಂದರಂತೆ ಒಂದು ಪೆನ್ನಿ ಬೆಲೆಗೆ ಮಾರಾಟವಾಗುತ್ತಿದ್ದವು. 1892ರಲ್ಲಿ ಅವರು ತೀರಿಕೊಂಡ ಮೇಲೂ ಉಳಿದಿದ್ದವು ಹೊರಬರುತ್ತಲೇ ಇದ್ದು, ಕೊನೆಗೆ 1917ರಲ್ಲಿ ಯುದ್ಧಕಾಲದ ಕಾಗದದ ಅಭಾವದಿಂದ ನಿಂತವು. ತೆಳು ಹೊದಿಕೆಯ ಇಂಥ ಪುಸ್ತಿಕೆಗಳು ನಾಲ್ಕು ಕೈ ಬದಲಾದರೆ ಹರಿದುಹೋಗುತ್ತವೆ. ಆದ್ದರಿಂದ ಓದುಗರು ತಮಗೆ ಬೇಕೆನಿಸಿದವನ್ನು ಆರಿಸಿ, ತಮ್ಮ ಮನಸ್ಸಿಗೆ ಬಂದ ಕ್ರಮದಲ್ಲಿ ಜೋಡಿಸಿ, ಬೈಂಡರಿಗೆ ಕೊಟ್ಟು ಒಂದು ಸಂಪುಟವಾಗಿ ಕಟ್ಟಿಸಿಕೊಳ್ಳುತ್ತಿದ್ದರು. ಬಿಡಿ ಪುಸ್ತಿಕೆಯ ಇನ್ನೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ಆದರೆ ಇವೇ 21 ಪುಸ್ತಿಕೆಗಳು ಇದೇ ಕ್ರಮದಲ್ಲಿ ಕೂಡಿರುವ ಇನ್ನೊಂದು ಸಂಪುಟ ಲೋಕದಲ್ಲಿ ಎಲ್ಲಿಯೂ ಇರಲಾರದು. ಯಾರೋ ಒಬ್ಬರು ಏನನ್ನು ಓದಿದರು, ಯಾವುದರ ಪಕ್ಕದಲ್ಲಿ ಯಾವುದನ್ನು ಇಟ್ಟುಕೊಂಡರು ಎಂಬುದಕ್ಕೆ ಆ ಹೊಲಿಗೆಯೊಂದೇ ಸಾಕ್ಷಿ. ಬಿಚ್ಚಿದ ದಿನವೇ ಆ ಸಾಕ್ಷಿ ಹೋಗುತ್ತದೆ. ಮತ್ತೆ ಹೊಲಿದರೆ ಬರುವುದಿಲ್ಲ.

ನನ್ನ ಬಳಿ ಇರುವ ಸಂಪುಟದ ಕೊನೆಯ ಖಾಲಿ ಹಾಳೆಯಲ್ಲಿ ಕೈಬರಹದ ಒಂದು ಪರಿವಿಡಿ ಇದೆ. ಶಾಯಿ ಕಂದಾಗಿದೆ. ಮೊದಲ 14 ಸಾಲುಗಳು ಇಂಗ್ಲಿಷಿನಲ್ಲಿ, ಓರೆಯಾದ ಸ್ಟೀಲ್ ನಿಬ್ಬಿನ ಬರಹದಲ್ಲಿವೆ. ಉಳಿದವು ಬೇರೊಬ್ಬರ ಕೈಯವು, ಕನ್ನಡದಲ್ಲಿವೆ. ಕನ್ನಡದ ಪುಸ್ತಿಕೆಗಳ ಮೇಲುಭಾಗದಲ್ಲಿ ಸೀಸದ ಕಡ್ಡಿಯಿಂದ ಬರೆದ ತಾರೀಕುಗಳಿವೆ, ಪಕ್ಕದಲ್ಲಿ ಊರಿನ ಹೆಸರುಗಳಿವೆ: ಮಡಿಕೇರಿ, ವಿರಾಜಪೇಟೆ, ಅಮ್ಮತ್ತಿ. ಒಂದೇ ಪ್ರಸಂಗಕ್ಕೆ ಮೂರು ತಾರೀಕು, ಮೂರು ಊರು. ಬೋಧಕರಿಲ್ಲದ ಕಡೆ ಉಪದೇಶಿಯೋ ಸಭೆಯ ಹಿರಿಯರೋ ಅಚ್ಚಾದ ಪ್ರಸಂಗವನ್ನು ಓದಿ ಹೇಳುವ ರೂಢಿ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇತ್ತು. ಈ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕಾಫಿತೋಟಗಳ ನಡುವಿನ ಹಾದಿಯಲ್ಲಿ ಊರಿಂದೂರಿಗೆ ನಡೆದ ಒಬ್ಬ ಉಪದೇಶಿ ನನ್ನ ಕಣ್ಣಿಗೆ ಕಟ್ಟುತ್ತಾರೆ. ಇದು ನನ್ನ ಊಹೆ. ಆದರೆ ಆ ಊಹೆಯನ್ನು ಮುಂದೊಬ್ಬರು ಪರೀಕ್ಷಿಸಿ ನೋಡಬೇಕಾದರೆ ಪರಿವಿಡಿ, ತಾರೀಕು, ಪುಸ್ತಿಕೆ ಮೂರೂ ಒಂದೇ ಕಡೆ ಇರಬೇಕು.

ಕೊಡಗಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. ಅದೇ ವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಬೋಧಕರು ಕರಾವಳಿಗೆ ಬಂದರು. 1836ರಲ್ಲಿ ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದವರೆಂದು ಪತ್ರಿಕೆಯವರಾದ ತಮಗೆ ನಾನು ಹೇಳಬೇಕಾಗಿಲ್ಲ. ಅದೇ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿ, ಜೀತದಲ್ಲಿ ನರಳುತ್ತಿದ್ದ ದಲಿತ ಕುಟುಂಬಗಳಿಗಾಗಿ ಅಮ್ಮತ್ತಿಯ ಬಳಿ ಆನಂದಪುರವನ್ನು ಕಟ್ಟಿದರು. 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿದ್ದರೂ ಹೊಲಗದ್ದೆಗಳಲ್ಲಿ ಜೀತ ನಡೆದೇ ಇತ್ತೆಂಬುದನ್ನು ನೆನೆದರೆ, ಆ ಜನರ ಮುಂದೆ ಭಾನುವಾರ ಯಾವ ಮಾತು ಆಡಲಾಯಿತು, ಯಾವ ಕನ್ನಡದಲ್ಲಿ ಆಡಲಾಯಿತು ಎಂಬುದು ಕೇವಲ ಧರ್ಮದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೋಗ್ಲಿಂಗ್ 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನೂ, ಮಡಿಕೇರಿಯ ಸರ್ಕಾರಿ ಶಾಲೆಯ ಮುಖ್ಯಸ್ಥರಾಗಿದ್ದ ಜಿ. ರಿಕ್ಟರ್ 1870ರಲ್ಲಿ ಪ್ರಕಟಿಸಿದ ಕೊಡಗಿನ ವಿವರಣೆಯನ್ನೂ ಸಂಶೋಧಕರು ಇಂದಿಗೂ ಉಲ್ಲೇಖಿಸುತ್ತಾರೆ. ಅವೆರಡೂ ಹೊರಗಿನ ಓದುಗರಿಗಾಗಿ ಬರೆದವು. ಇಲ್ಲಿಯ ಜನರನ್ನು ಎದುರಿಗೆ ಕೂರಿಸಿಕೊಂಡು, ಅವರಿಗೆ ತಿಳಿಯಲೆಂದೇ ಹೇಳಿದ ಮಾತು ಉಳಿದಿರುವುದು ಈ ಪ್ರಸಂಗಗಳಲ್ಲಿ.

ಪ್ರಸಂಗ ಎಂಬ ಪದವನ್ನೇ ನೋಡಿ. ಕರಾವಳಿಯವರಿಗೆ ಅದು ಯಕ್ಷಗಾನದ ಕಥೆ. ಪ್ರೊಟೆಸ್ಟೆಂಟರಿಗೆ ಆರಾಧನೆಯಲ್ಲಿ ಬೋಧಕರು ಮಾಡುವ ಬೋಧನೆ. ಒಂದೇ ಸೀಮೆಯಲ್ಲಿ ಒಂದೇ ಪದ ಎರಡು ವೇದಿಕೆಗಳ ಮೇಲೆ ನಿಂತಿದೆ, ಎರಡು ಕಡೆಯೂ ಅದಕ್ಕೆ ಕೇಳುಗರು ಬೇಕು. ನನ್ನ ಮುಂದಿರುವ ಕನ್ನಡ ಪುಸ್ತಿಕೆಗಳಲ್ಲಿ ಧರ್ಮ್ಮ, ಸರ್ವ್ವ, ಕರ್ತ್ತನು ಎಂದು ರೇಫದ ಮುಂದಿನ ಅಕ್ಷರವನ್ನು ಇಮ್ಮಡಿಸುವ ಹಳೆಯ ಅಚ್ಚಿನ ಪದ್ಧತಿ ಇದೆ. ವಾಕ್ಯಗಳು ಕೆಲವೆಡೆ ಜರ್ಮನ್ ಮಾತಿನ ಭಾರಕ್ಕೆ ಬಾಗುತ್ತವೆ. ಆದರೆ ಬಿತ್ತನೆ, ನಾಟಿ, ಮಳೆಯ ಮಾತು ಬಂದಾಗ ಥಟ್ಟನೆ ನೆಟ್ಟಗಾಗಿ ಆಡುಮಾತಿಗೆ ಇಳಿಯುತ್ತವೆ. ಪ್ರಶ್ನೆ ಕೇಳಿ, ತಡೆದು, ತಾನೇ ಉತ್ತರ ಹೇಳುವ ಆ ರೀತಿಯಲ್ಲಿ ಓದಲು ಬಾರದ ಕೇಳುಗರನ್ನು ಕುರಿತು ಗದ್ಯ ಬರೆಯುವುದನ್ನು ಒಬ್ಬರು ಕಲಿಯುತ್ತಿರುವುದು ಕಾಣುತ್ತದೆ. ಕನ್ನಡ ಗದ್ಯದ ಬೆಳವಣಿಗೆಯನ್ನು ಕುರಿತು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದೇನೆ. ಇಂಥ ಪುಟಗಳನ್ನು ವಿದ್ಯಾರ್ಥಿಗಳ ಕೈಗೆ ಒಮ್ಮೆಯೂ ಕೊಡಲಾಗಲಿಲ್ಲವಲ್ಲ ಎಂಬ ನೋವು ನನಗಿದೆ.

ಇವು ಮತಾಂತರದ ಸಾಹಿತ್ಯ, ಇವನ್ನು ಏಕೆ ಕಾಪಾಡಬೇಕು ಎಂದು ಕೇಳುವವರಿದ್ದಾರೆ. ನಾನು ಕ್ರೈಸ್ತಳಲ್ಲ, ನನ್ನ ಬಂಧುಗಳೇ ನನ್ನನ್ನು ಹೀಗೆ ಕೇಳಿದರು. ಈ ಪುಸ್ತಿಕೆಗಳಲ್ಲಿ ನಮ್ಮ ಹಿರಿಯರ ನಂಬಿಕೆಗಳ ಮೇಲೆ, ವಂಶದ ಮೂಲಪುರುಷರಾದ ಗುರುಕಾರಣರಿಗೆ ನಾವು ಸಲ್ಲಿಸುವ ಗೌರವದ ಮೇಲೆ ಕಟುವಾದ ಮಾತುಗಳಿವೆ, ಓದುವಾಗ ಮನಸ್ಸಿಗೆ ನೋವಾಗುತ್ತದೆ. ಆದರೂ ನಮ್ಮ ನೆಲದಲ್ಲಿ ನಮ್ಮ ಬಗ್ಗೆ ಏನು ಹೇಳಲಾಯಿತು ಎಂಬುದನ್ನು ಅರಿಯಲು ಮೂಲ ಪುಟವೇ ಬೇಕು. ಅದು ಇಲ್ಲವಾದರೆ ಹೊಗಳುವವರೂ ತೆಗಳುವವರೂ ಕೇಳಿದ ಮಾತಿನ ಮೇಲೆಯೇ ನಿಲ್ಲಬೇಕಾಗುತ್ತದೆ. ಆನಂದಪುರದ ಮೊದಲ ಕುಟುಂಬಗಳ ವಂಶದವರಿಗಂತೂ ಇವು ತಮ್ಮ ಮುತ್ತಜ್ಜ ಮುತ್ತಜ್ಜಿಯರು ಕುಳಿತು ಕೇಳಿದ ಮಾತುಗಳು.

ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳಿಂದ ಹೆಸರಾದ ಬಾಸೆಲ್ ಮಿಶನ್ನಿನ ಕಾಗದಪತ್ರಗಳು ಇಲ್ಲಿ ಚದುರಿಹೋಗಲು ಕಾರಣಗಳಿವೆ. 1914ರ ಮಹಾಯುದ್ಧದಲ್ಲಿ ಜರ್ಮನ್ ಬೋಧಕರು ಬಂಧನಕ್ಕೊಳಗಾಗಿ ದೇಶ ಬಿಟ್ಟರು. ಸ್ವಾತಂತ್ರ್ಯದ ನಂತರ ಯುರೋಪಿಯನ್ ತೋಟದ ಮಾಲೀಕರು ತೋಟಗಳನ್ನು ಮಾರಿ ಹೊರಟರು. ಬಂಗಲೆಗಳಲ್ಲಿದ್ದ ಪುಸ್ತಕಗಳಲ್ಲಿ ಕೆಲವು ಕೆಲಸದವರ ಮನೆ ಸೇರಿದವು, ಕೆಲವು ಗುಜರಿ ಸೇರಿದವು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡ ಜರಿದಾಗ ಮನೆಗಳೇ ಹೋದವು. ಆ ಮನೆಗಳ ಪೆಟ್ಟಿಗೆಗಳಲ್ಲಿ ಏನೇನಿತ್ತೆಂದು ಪಟ್ಟಿ ಮಾಡಿದವರಿರಲಿಲ್ಲ. ಇನ್ನು, ಕೇಂದ್ರ ಸರ್ಕಾರ 2003ರಲ್ಲಿ ಆರಂಭಿಸಿದ ಹಸ್ತಪ್ರತಿ ಅಭಿಯಾನಕ್ಕೆ ಕೈಬರಹದ ಗ್ರಂಥಗಳಷ್ಟೇ ಸೇರುತ್ತವೆ, ಅಚ್ಚಾದವು ಎಷ್ಟು ಹಳೆಯದಾದರೂ ಸೇರುವುದಿಲ್ಲ. ನಾನು ವಿಚಾರಿಸಿದ ಒಂದು ಕಚೇರಿಯಲ್ಲಿ ಇದು ಧಾರ್ಮಿಕ ಪುಸ್ತಕ, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು; ಇನ್ನೊಂದು ಕಡೆ ಇದು ಅಚ್ಚಾದ ಪುಸ್ತಕ, ಪ್ರಾಚ್ಯವಸ್ತುವಲ್ಲ ಎಂದರು.

ಪುಸ್ತಕದ ದೇಹಸ್ಥಿತಿಯ ಬಗ್ಗೆಯೂ ಹೇಳಬೇಕು. ಚಿಂದಿ ಬಟ್ಟೆಯ ನಾರಿನಿಂದ ಮಾಡಿದ ಹಳೆಯ ಕಾಗದ ಇಂದಿಗೂ ಮೆತ್ತಗೆ, ಬೆಳ್ಳಗೆ ಉಳಿದಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಮರದ ತಿರುಳಿನ ಕಾಗದವೋ ತನ್ನೊಳಗಿನ ಆಮ್ಲದಿಂದ ತಾನೇ ಕಂದಾಗಿ, ಮಡಿಸಿದ ಕಡೆ ಮುರಿಯುತ್ತದೆ. ನನ್ನ ಬಳಿಯ ಸಂಪುಟದಲ್ಲಿ ಇವೆರಡೂ ಪಕ್ಕಪಕ್ಕದಲ್ಲಿವೆ. ಬೆನ್ನಿನ ಚರ್ಮ ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತದೆ. ಇದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಗಾಲ. ಬೂಷ್ಟು ಹಿಡಿಯಲು ಬೇರೆ ಕಾರಣ ಬೇಡ. ಮನೆಯಲ್ಲಿ ಇಂಥ ಪುಸ್ತಕ ಇರುವವರು ದಯವಿಟ್ಟು ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಕಲೆಯಾಗುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಮಾಡಿಸಿದರೆ ಬಿಡಿಸುವುದು ಅಸಾಧ್ಯವೆಂದೇ ತಿಳಿಯಿರಿ. ಬಿಸಿಲಿಗೆ ಹರಡದೆ ನೆರಳಿನ ಗಾಳಿಗೆ ಇಡಿ. ಧೂಳನ್ನು ಮೆತ್ತನೆಯ ಕುಂಚದಿಂದ ಒರೆಸಿ, ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದ ಕಡೆ ಇರಿಸಿ. ಕಳಚಿದ ರಟ್ಟನ್ನು ಫೆವಿಕಾಲ್ ಹಚ್ಚಿ ಕೂಡಿಸುವ ಬದಲು ಅಗಲವಾದ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಸಾಕು. ಫೋಟೊ ತೆಗೆಯುವುದಾದರೆ ಪುಸ್ತಕವನ್ನು ಅಂಗಾತ ಒತ್ತದೆ, ಎರಡು ದಿಂಬುಗಳ ನಡುವೆ ಅರ್ಧ ತೆರೆದಿಟ್ಟು, ಮೇಲಿನಿಂದ ತೆಗೆಯಿರಿ. ಬರೆದವರು ತೀರಿಕೊಂಡು 60 ವರ್ಷ ಕಳೆದ ಕೃತಿಗಳಿಗೆ ನಮ್ಮ ದೇಶದಲ್ಲಿ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲವಾದ್ದರಿಂದ, ಆ ಚಿತ್ರಗಳನ್ನು ಎಲ್ಲರಿಗೂ ಹಂಚಬಹುದು.

ನಮ್ಮ ನೆರೆಯ ಕೇರಳದವರಿಗೆ ಒಂದು ಭಾಗ್ಯವಿದೆ. ಅಲ್ಲಿ ದುಡಿದ ಬಾಸೆಲ್ ಮಿಶನ್ನಿನ ಹೆರ್ಮನ್ ಗುಂಡರ್ಟ್ ಅವರ ಸಂಗ್ರಹ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಒಟ್ಟಾಗಿ ಉಳಿದು, ಇಂದು ಮಲಯಾಳದ ಓದುಗರು ಅದನ್ನು ಮನೆಯಲ್ಲೇ ಕುಳಿತು ನೋಡುವಂತಾಗಿದೆ. ಅದರಲ್ಲಿ ಕನ್ನಡದ ಪುಸ್ತಕಗಳೂ ಸೇರಿವೆ. ಕೊಡಗಿನಲ್ಲಿ ಉಳಿದಿರುವುದನ್ನು ಉಳಿಸಿಕೊಳ್ಳಲು ಜರ್ಮನಿಯ ಹಾದಿ ಕಾಯಬೇಕಾಗಿಲ್ಲ. ಮಡಿಕೇರಿ ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದೇ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಸಂತ ಮಾರ್ಕರ ಚರ್ಚಿನಲ್ಲಿ. ಪ್ರಸಂಗಗಳು ಮೊಳಗಿದ ಆ ಕಟ್ಟಡದಲ್ಲಿ, ಶಿಲ್ಪಗಳ ಜೊತೆಗೆ, ಹಳೆಯ ಮುದ್ರಿತ ಕಾಗದಕ್ಕೂ ತೇವ ತಾಗದ ಒಂದು ಕಪಾಟನ್ನು ಒದಗಿಸುವಂತೆ ಪುರಾತತ್ವ ಇಲಾಖೆಯನ್ನು ಕೋರುತ್ತೇನೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕಗಳ ಸಂಗ್ರಹವಿದೆ. ಅಲ್ಲಿಯವರ ಅನುಭವವನ್ನು ಕೇಳಿ ಪಡೆಯಬಹುದು. ನಮ್ಮ ಜಿಲ್ಲೆಯ ಕಾಲೇಜುಗಳ ಇತಿಹಾಸ ಮತ್ತು ಕನ್ನಡ ವಿಭಾಗಗಳು ಒಂದು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ಕಳುಹಿಸಿ, ಸಭಾಪಾಲಕರ ಅನುಮತಿ ಪಡೆದು, ಚರ್ಚುಗಳ ಬೀರುಗಳಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಸಿದರೆ ಅದೇ ದೊಡ್ಡ ಕೆಲಸ. ಪುಸ್ತಕವನ್ನು ಯಾರೂ ಕೊಟ್ಟುಬಿಡಬೇಕಾಗಿಲ್ಲ. ಎಲ್ಲಿದೆ ಎಂದು ತಿಳಿದರೆ ಮೊದಲ ಹೆಜ್ಜೆಗೆ ಅಷ್ಟು ಸಾಕು.

ಅಜ್ಜಿಯ ಮೊಮ್ಮಗ ಈ ಮಳೆಗಾಲ ಮುಗಿಯುವವರೆಗೆ ನನಗೆ ಸಮಯ ಕೊಟ್ಟಿದ್ದಾರೆ. ಅಷ್ಟರೊಳಗೆ ಸಂಪುಟಕ್ಕೆ ಕೊಡಗಿನಲ್ಲೇ ಒಂದು ಜಾಗ ದೊರೆತರೆ ಹಣ ಪಡೆಯದೆ ಕೊಡುತ್ತೇನೆ ಎಂದೂ ಹೇಳಿದ್ದಾರೆ. ಇಂಥ ಹಳೆಯ ಸಂಪುಟ ಯಾರ ಮನೆಯಲ್ಲಿದ್ದರೂ ತಮ್ಮ ಪತ್ರಿಕೆಗೆ ಒಂದು ಸಾಲು ಬರೆದು ತಿಳಿಸಲಿ. ಕುಟ್ಟದಿಂದ ಶನಿವಾರಸಂತೆಯವರೆಗೆ ಎಲ್ಲಿಗಾದರೂ ಬಸ್ಸು ಹಿಡಿದು ಬಂದು, ಅವರ ಎದುರಿಗೇ ಪುಟ ತಿರುವಿ, ಪರಿವಿಡಿಯನ್ನು ಬರೆದುಕೊಂಡು ಹೋಗಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಉಪನ್ಯಾಸಕಿ,
ವಿರಾಜಪೇಟೆ ತಾಲ್ಲೂಕು, ಕೊಡಗು