ಲಿನಕ್ಸ್ ಹಾಕುವ ಮೊದಲು ಪ್ರಿಂಟರ್ ನೋಡಿ

ಮಾನ್ಯರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೇ ಯಂತ್ರಗಳಿಗೆ ವಿಂಡೋಸ್ 11 ಸರಿಯಾಗಿ ದಕ್ಕುವುದಿಲ್ಲ. ಹಾಗಾಗಿ ಹಾಸನದ ನನ್ನ ರಿಪೇರಿ ಅಂಗಡಿಗೆ ಬರುವವರ ಬಾಯಲ್ಲಿ ಈಗ ಒಂದೇ ಮಾತು: ‘ಅಣ್ಣಾ, ಲಿನಕ್ಸ್ ಹಾಕಿಕೊಡಿ’. ವಿಂಡೋಸ್ ಬದಲಿಗೆ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಅದು; ಅದರಲ್ಲಿ ‘ಡಿಸ್ಟ್ರೋ’ ಎನ್ನುವ ಹಲವು ಬಗೆಗಳಿವೆ. ಯಾವ ಲಿನಕ್ಸ್ ಅಂದರೆ, ‘ಉಬುಂಟುನೇ ಹಾಕಿ, ಎಲ್ಲರೂ ಅದನ್ನೇ ಹೇಳ್ತಾರೆ’.

ಉಬುಂಟು ಕೆಟ್ಟದ್ದಲ್ಲ. ಆದರೆ 4 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಅದರ ಮಾಮೂಲಿ ಡೆಸ್ಕ್‌ಟಾಪ್ ಓಡಿಸಿ, ಬ್ರೌಸರ್ ತೆರೆದರೆ ತೆವಳಲು ಶುರು ಮಾಡುತ್ತದೆ. ಅಂಥದ್ದಕ್ಕೆ ನಾನು ಹಗುರವಾದ ಡಿಸ್ಟ್ರೋ ಹಾಕುತ್ತೇನೆ: ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಅಥವಾ ಲುಬುಂಟು. 2 ಜಿಬಿ ಇದ್ದರೆ ಇನ್ನೂ ಹಗುರವಾದ ಆಂಟಿಎಕ್ಸ್. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರಂತೂ ಇವೆಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ಕಾಣುತ್ತದೆ.

32 ಬಿಟ್ ಗೊಂದಲ ಬೇರೆ. ಡೆಬಿಯನ್ ಎಂಬ ಡಿಸ್ಟ್ರೋದ 13ನೇ ಆವೃತ್ತಿಯಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ ಎಂದು ಕೇಳಿ ಕೆಲವರು ಯಂತ್ರವನ್ನೇ ಗುಜರಿಗೆ ಹಾಕಲು ಹೊರಡುತ್ತಾರೆ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಂ ಟೈಪ್’ ಸಾಲು ಪೂರ್ತಿ ಓದಿ. ‘32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್’ ಎಂದಿದ್ದರೆ ಚಿಪ್ 64 ಬಿಟ್ಟಿನದೇ. ಯಾರೋ ಹಿಂದೆ 32 ಬಿಟ್ ವಿಂಡೋಸ್ ಹಾಕಿದ್ದಾರೆ, ಅಷ್ಟೇ.

ನಿಜವಾದ ತಲೆನೋವು ಪ್ರಿಂಟರ್. ಡಿಟಿಪಿ ಅಂಗಡಿಗಳ ಎಷ್ಟೋ ಹಳೇ ಲೇಸರ್ ಪ್ರಿಂಟರ್‌ಗಳಿಗೆ ಸ್ವಂತ ಬುದ್ಧಿ ಕಡಿಮೆ. ಪುಟ ತಯಾರಿಸುವ ಕೆಲಸವೆಲ್ಲ ಕಂಪ್ಯೂಟರಿನಲ್ಲಿರುವ ಡ್ರೈವರ್‌ನದು. ಕೆಲವಕ್ಕೆ ಆನ್ ಮಾಡಿದಾಗಲೆಲ್ಲ ಫರ್ಮ್‌ವೇರ್, ಅಂದರೆ ಉಪಕರಣದೊಳಗೇ ಓಡುವ ಸಾಫ್ಟ್‌ವೇರ್, ಕಳಿಸಬೇಕು. ಲಿನಕ್ಸ್‌ಗೆ ಆ ಡ್ರೈವರ್ ಸಿಗದಿದ್ದರೆ ಯಾವ ಡಿಸ್ಟ್ರೋ ಹಾಕಿದರೂ ಕಾಗದ ಹೊರಗೆ ಬರದು. ವೈಫೈ ಮಾತ್ರ ಈಗ ಸುಧಾರಿಸಿದೆ. ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಯಲ್ಲೇ ವೈಫೈಗೆ ಬೇಕಾದ ಫರ್ಮ್‌ವೇರ್ ಬರುತ್ತದೆ.

ಕನ್ನಡ ಟೈಪಿಂಗ್‌ಗೆ ಹೆದರಬೇಡಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕಗಪ ವಿನ್ಯಾಸ ಇದೆ. ಆದರೆ ಹಳೇ ನುಡಿ ಫಾಂಟಿನ ಕಡತಗಳನ್ನು ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಸಕಲೇಶಪುರ ಕಡೆಯ ತೋಟದವರು ಲೆಕ್ಕಕ್ಕೆ ಟ್ಯಾಲಿಯೇ ಬೇಕು ಅಂತಾರೆ. ಅದು ವಿಂಡೋಸ್ ಸಾಫ್ಟ್‌ವೇರ್. ಅಂಥವರಿಗೆ ಲಿನಕ್ಸ್ ಮಾರಲು ನಾನು ಹೋಗುವುದಿಲ್ಲ.

ಇದೆಲ್ಲ ತಿಳಿಯಲು ಏನನ್ನೂ ಅಳಿಸಬೇಕಿಲ್ಲ. ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಬೂಟ್ ಮಾಡಿ, ವೈಫೈ, ಸೌಂಡ್, ಪ್ರಿಂಟರ್ ಎಲ್ಲ ನೋಡಬಹುದು. ಇನ್‌ಸ್ಟಾಲ್ ಬಟನ್ ಒತ್ತದಿದ್ದರೆ ಆಯಿತು. ಅಂಗಡಿಯಲ್ಲಿ ಇದಕ್ಕೆ ಪುರುಸೊತ್ತು ಸಾಲದು, ಗ್ರಾಹಕರು ಪ್ರಿಂಟರ್ ತರುವುದೂ ಇಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯವೋ ಯಾವುದಾದರೂ ಪಾಲಿಟೆಕ್ನಿಕ್ಕೋ ಒಂದು ಭಾನುವಾರ ಜಾಗ, ಕರೆಂಟು ಕೊಟ್ಟರೆ ನಾಲ್ಕಾರು ಡಿಸ್ಟ್ರೋಗಳ ಪೆನ್‌ಡ್ರೈವ್ ನಾನು ತರುತ್ತೇನೆ, ಪುಕ್ಕಟೆಯಾಗಿ. ಬರುವವರು ಪ್ರಿಂಟರ್ ಹೊತ್ತು ತರಬೇಕು.

— ಕಂಪ್ಯೂಟರ್ ರಿಪೇರಿ ಅಂಗಡಿಯವ, ಹಾಸನ